ಬೆಲ್ ಇಲ್ಲದ ಸೈಕಲ್

ಫೋನಿನಲ್ಲಿ ಮಾತಾಡಿದ ಹೆಂಗಸಿನ ದನಿಯನ್ನು ತಾನು ಹಿಂದೆಲ್ಲೋ ಕೇಳಿದ್ದೇನೆ ಎನ್ನುವುದು ಬೆಳಗಿನಿಂದ ಅವನನ್ನು ಬಿಟ್ಟಿರಲಿಲ್ಲ. ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ. 'ಪೇಪರಿನಲ್ಲಿ ಫೋಟೋ ನೋಡಿದೆ. ಆ ಸೈಕಲ್ಲು ಇನ್ನೂ ಇದೆಯಾ?' ಇದೆ ಎಂದ. 'ಸಂಜೆ ಬಂದರೆ ನೋಡಬಹುದಾ?' ಬನ್ನಿ ಎಂದ. ಅಷ್ಟೇ. ಬೆಲೆ ಕೇಳಲಿಲ್ಲ, ಹೆಚ್ಚುಕಡಿಮೆ ಆಗುತ್ತದಾ ಎನ್ನಲಿಲ್ಲ. ಇಷ್ಟು ದಿನ ಫೋನು ಮಾಡಿದವರೆಲ್ಲ ಮೊದಲು ಬೆಲೆ ಕೇಳಿ, ಆಮೇಲೆ ನಕ್ಕು, ಇದಕ್ಕೆ ಸ್ಕೂಟರೇ ಬರುತ್ತಲ್ಲ ಸ್ವಾಮಿ ಎಂದು ಇಟ್ಟುಬಿಟ್ಟಿದ್ದರು. ಆ ನಗೆ ಅವನಿಗೆ ಒಗ್ಗಿಹೋಗಿತ್ತು. ಈ ಹೆಂಗಸು ನಗದೇ ಇದ್ದದ್ದು, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ದೂರದಲ್ಲಿ ನಿಂತ ಬಹಳ ಜನಕ್ಕೆ ಕೇಳಿಸಬೇಕೆಂಬಂತೆ ಹೇಳಿದ್ದು, ಏಕೋ ಅವನಲ್ಲಿ ಅಳುಕು ಹುಟ್ಟಿಸಿತು. ತಾನು ಯಾರದೋ ವಸ್ತುವನ್ನು ಬಚ್ಚಿಟ್ಟುಕೊಂಡಿದ್ದು, ಅದರ ವಾರಸುದಾರರು ಮರ್ಯಾದೆಯಿಂದ ವಿಚಾರಿಸುತ್ತಿದ್ದಾರೆ ಎನ್ನುವಂಥ ಅಳುಕು.

ಅವನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಾನೆ. ಬಾಯಿಗಳನ್ನು ಅವನು ನೋಡುವುದಿಲ್ಲ. ಬೀದಿಯಲ್ಲಿ ಅವನ ಹೆಸರು ಗೊತ್ತಿದ್ದವರು ಕಡಿಮೆ, ಎಲ್ಲರಿಗೂ ಅವನು ಹಲ್ಲಿನವರು. ಮೇಜಿನ ಮೇಲೆ ಸಾಲಾಗಿ ಕೂತ ಸೆಟ್ಟುಗಳು ಇವತ್ತು ತನ್ನನ್ನೇ ನೋಡಿ ಹಲ್ಲು ಕಿರಿಯುತ್ತಿವೆ ಅನ್ನಿಸಿ, ತನ್ನ ಯೋಚನೆಗೆ ತಾನೇ ನಾಚಿ, ಎದ್ದು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಹಳೆಯ ಮಂಚದ ಹೊದಿಕೆಯ ಕೆಳಗೆ ಸೈಕಲ್ಲು ನಿಂತಿತ್ತು. ಒಂದು ಬೇಸಿಗೆ, ಒಂದು ಮಳೆಗಾಲ, ಮತ್ತೊಂದು ಬೇಸಿಗೆ ಅವನು ಈ ಕೋಣೆಯಲ್ಲೇ ಕಳೆದಿದ್ದ. ಮುಗಿದ ಮೇಲೆ ಒಳಗೆ ಬರುವುದಕ್ಕೆ ಕಾರಣವೇ ಉಳಿಯಲಿಲ್ಲ. ಕೆಲಸ ಮುಗಿದ ವಸ್ತು ತನ್ನ ಕಡೆಗೆ ಬೆನ್ನು ತಿರುಗಿಸಿ ನಿಂತುಬಿಡುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಸೆಟ್ಟುಗಳಾದರೂ ಹೊರಟುಹೋಗುತ್ತವೆ, ಯಾರದೋ ಬಾಯಲ್ಲಿ ಅನ್ನ ಅಗಿಯುತ್ತವೆ. ಇದು ಇಲ್ಲೇ ನಿಂತಿತ್ತು.

ಗುಜರಿ ಅಂಗಡಿಯಲ್ಲಿ ಇದು ಸಿಕ್ಕ ದಿನ ಇದರ ಹ್ಯಾಂಡಲ್ಲಿಗೆ ಯಾರೋ ತೂತುಬಿದ್ದ ಬಕೆಟ್ಟುಗಳನ್ನು ತೂಗುಹಾಕಿದ್ದರು. ವೈದ್ಯರಿಗೆ ಸೆಟ್ಟು ಮುಟ್ಟಿಸಿ ಬರುತ್ತಿದ್ದವನನ್ನು ಗುಜರಿಯವ ಕೂಗಿ ನಿಲ್ಲಿಸಿದ್ದ. 'ಹಲ್ಲಿನವ್ರೇ, ಬನ್ನಿ ಇಲ್ಲಿ, ನಿಮ್ಮ ಪೇಶೆಂಟ್ ಒಬ್ರು ಬಂದಿದಾರೆ. ನೋಡಿ, ಚಕ್ರದ ಹಲ್ಲೆಲ್ಲ ಉದುರಿಹೋಗಿವೆ. ಕಟ್ಟಿಕೊಡೋರು ನಿಮ್ಮನ್ನ ಬಿಟ್ರೆ ಯಾರಿದಾರೆ?' ನಗಬೇಕಾದ್ದರಿಂದ ನಕ್ಕು ಮುಂದೆ ಹೋಗುತ್ತಿದ್ದವನ ಕಣ್ಣಿಗೆ ಬಿದ್ದದ್ದು ಕೊಳವೆಗಳು ಕೂಡುವ ಜಾಗ. ಅಲ್ಲಿ ಕಬ್ಬಿಣವನ್ನು ಬಳ್ಳಿಯ ಕುಡಿಯಂತೆ ಸುರುಳಿ ಸುರುಳಿಯಾಗಿ ಕೊರೆದಿದ್ದರು, ಅದರ ಮೇಲೆ ಯಾವನೋ ಪುಣ್ಯಾತ್ಮ ಕಿಟಕಿ ಸರಳಿಗೆ ಬಳಿಯುವ ಕಪ್ಪು ಬಣ್ಣವನ್ನು ದಪ್ಪಗೆ ಮೆತ್ತಿದ್ದ. ಉಗುರಿನಿಂದ ಕೆರೆದ. ಕಪ್ಪಿನ ಕೆಳಗೆ ನೀಲಿ. ನೀಲಿಯ ಕೆಳಗೆ ಇನ್ನೇನೋ. ಹಳೆಯ ಕಾಲದ ಬ್ರಿಟಿಷ್ ರೇಸಿಂಗ್ ಸೈಕಲ್ಲು ಎಂದು ಗುಜರಿಯವನಿಗೂ ಗೊತ್ತಿತ್ತು, ಆದರೆ ತೂಕಕ್ಕೇ ಹಾಕಿ ಕೊಟ್ಟ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, 'ಯಾವುದೋ ಮನೆ ಖಾಲಿ ಮಾಡಿದ್ರು, ಮಂಚದ ಜೊತೆ ಬಂತು' ಎಂದ. ಅದಕ್ಕಿಂತ ಹೆಚ್ಚು ಕೇಳಬೇಕೆಂದು ಆಗ ತೋಚಲಿಲ್ಲ. ಮನೆಗೆ ತಳ್ಳಿಕೊಂಡು ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತು, 'ಹಲ್ಲು ಸಾಲಲಿಲ್ಲ ಅಂತ ಈಗ ಅಸ್ಥಿಪಂಜರಾನೇ ತಂದ್ರಾ?' ಎಂದಿದ್ದಳು.

ಹುಟ್ಟಿದಾಗ ಹೇಗಿತ್ತೋ ಹಾಗೆ. ಈ ಮಾತು ಅವನಿಗೆ ಹಠದಂತೆ ಹಿಡಿದುಬಿಟ್ಟಿತ್ತು. ಹಳೆಯ ಸೈಕಲ್ಲುಗಳ ಬಗ್ಗೆ ಓದಿ, ಎಲ್ಲೆಲ್ಲಿಗೋ ಬರೆದು ಕೇಳಿ, ಕಾರ್ಖಾನೆಯಿಂದ ಹೊರಬಿದ್ದಾಗ ಇದರ ಬಣ್ಣ ಕಡುಗೆಂಪು, ಗೆರೆಗಳು ಹೊಂಬಣ್ಣ ಎಂದು ತಿಳಿದುಕೊಂಡ. ಕಪ್ಪನ್ನು ಕೆರೆದ. ನೀಲಿಯನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ತೆಗೆದ. ಕೈ ತೊಳೆದರೆ ಬಚ್ಚಲಲ್ಲಿ ನೀಲಿ ನೀರು ಹರಿಯುತ್ತಿತ್ತು. ಅಡ್ಡ ಬಾರಿನ ಮೇಲಿದ್ದ ಸಣ್ಣ ತಗ್ಗನ್ನು ತುಂಬಿ ಸಮ ಮಾಡಿದ. ಹಲ್ಲು ಕೊರೆಯುವ ಸಣ್ಣ ಯಂತ್ರದಿಂದ ಬಳ್ಳಿಯ ಸುರುಳಿಗಳ ಸಂದಿಸಂದಿಯನ್ನು ಬಿಡಿಸಿದ. ಹೆಂಡತಿ ಆಗಾಗ ಬಂದು ಗೋಡೆಗೆ ಒರಗಿ ನೋಡಿ, 'ಗ್ರೀಸ್ ಮಿಕ್ಕಿದ್ರೆ ನನ್ನ ಮೊಣಕಾಲಿಗೂ ಸ್ವಲ್ಪ ಹಾಕಿ' ಎಂದು ಹೋಗುತ್ತಿದ್ದಳು. ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಹಿಂದಿನ ಚಕ್ರದ ಫ್ರೀವೀಲ್. ಪೆಡಲ್ ತುಳಿಯುವುದನ್ನು ನಿಲ್ಲಿಸಿದಾಗ ಟಿಕ್‌ಟಿಕ್ ಎನ್ನುತ್ತದಲ್ಲ, ಆ ಗಾಲಿ. ಒಳಗೆ ಒಂದು ಹಲ್ಲು ಮುರಿದಿತ್ತು. ಅದಕ್ಕೆ ಬದಲಿ ಎಲ್ಲಿಯೂ ಸಿಗಲಿಲ್ಲ, ಅವನ ಕೈಯಲ್ಲಿ ಕಟ್ಟಲೂ ಆಗಲಿಲ್ಲ. ಓಟಕ್ಕೇನೂ ತೊಂದರೆಯಿಲ್ಲ, ಸದ್ದು ಮಾತ್ರ ಕುಂಟುತ್ತಿತ್ತು: ಟಿಕ್ ಟಿಕ್ ಟಿಕ್ ಟಿಕ್, ನಡುವೆ ಒಂದು ಗುಟುಕು ಮೌನ, ಮತ್ತೆ ಟಿಕ್; ಮೆಟ್ಟಿಲಿಳಿಯುವವನು ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಬರಿಯ ನೆಲಕ್ಕೆ ಕಾಲಿಟ್ಟ ಹಾಗೆ. ಇಷ್ಟು ಚೆಂದದ ಮೈಗೆ ಈ ಕುಂಟು. ಕೊನೆಗೆ, ಮಾರುವುದೆಂದು ತೀರ್ಮಾನಿಸಿದ ಮೇಲೆ, ಗಟ್ಟಿ ಗ್ರೀಸನ್ನು ಒಳಗೆ ತುರುಕಿ ತುರುಕಿ ಸದ್ದನ್ನೇ ಅಡಗಿಸಿದ್ದ. ಈಗ ಚಕ್ರ ತಿರುಗಿಸಿದರೆ ಬಾಯಿಗೆ ಬಟ್ಟೆ ತುರುಕಿಸಿಕೊಂಡವರ ಗೊಣಗು ಕೇಳುತ್ತಿತ್ತು, ಅಷ್ಟೇ.

ಮಾರುವುದೆಂದು ತೀರ್ಮಾನಿಸಿದ್ದು ಕೆಲವು ವಾರಗಳ ಹಿಂದಿನ ಒಂದು ಬೆಳಿಗ್ಗೆ. ಎಲ್ಲ ಮುಗಿಸಿ ಮೊದಲ ಸಲ ಬೀದಿಗೆ ತೆಗೆದಿದ್ದ. ರೇಸಿನವರ ಹಾಗೆ ಬಗ್ಗಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಪೆಡಲಿನ ಪಟ್ಟಿಗಳಿಗೆ ಪಾದ ತೂರಿಸಿ ಮೂಲೆಯವರೆಗೂ ಹೋಗಿ, ಗಾಳಿ ಅಂಗಿಯೊಳಗೆ ನುಗ್ಗಿ, ಒಂದು ಕ್ಷಣ ಎಲ್ಲವೂ ಹಗುರಾಗಿ, ವಾಪಸ್ ಬಂದು ತನ್ನ ಗೇಟಿನೆದುರು ನಿಲ್ಲಿಸಿದಾಗ ಪಟ್ಟಿಯೊಳಗಿನ ಪಾದ ಹೊರಬರಲಿಲ್ಲ. ಸೈಕಲ್ಲಿನ ಸಮೇತ, ಕಡಿದ ಮರ ಬೀಳುವ ಹಾಗೆ, ನಿಧಾನಕ್ಕೆ, ಬೀಳುತ್ತಿದ್ದೇನೆ ಎಂದು ಪೂರ್ತಿ ಗೊತ್ತಿದ್ದೇ ಬಿದ್ದ. ಎದುರು ಮನೆಯವರು ಅಯ್ಯೋ ಎಂದು ಓಡಿಬಂದು, ಪಾದ ಬಿಡಿಸಿ, ಈ ವಯಸ್ಸಲ್ಲಿ ಯಾಕೆ ಸಾರ್ ಇವೆಲ್ಲ ಎಂದು ಪ್ರೀತಿಯಿಂದಲೇ ಹೇಳಿದರು. ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಯಾವುದಕ್ಕೂ ಒಂದು ಮಾತು ಸೇರಿಸದೆ ಬಿಡದವಳು ಅವತ್ತು ಏನೂ ಅನ್ನಲಿಲ್ಲ. ಒಳಗೆ ಬಂದವನ ಮೊಣಕೈಗೆ ಮುಲಾಮು ಹಚ್ಚಿ ಅಡುಗೆಮನೆಗೆ ಹೋದಳು. ಅವಳು ನಗಬಹುದಿತ್ತು. ನಗದೇ ಇದ್ದದ್ದರಿಂದ, ತಾನು ನಗುವುದಕ್ಕೂ ಆಗದಷ್ಟು ಮುದುಕನಾಗಿಬಿಟ್ಟೆ ಎಂದು ಅವನಿಗೆ ಗೊತ್ತಾಯಿತು. ಮರುದಿನವೇ ಪೇಪರಿಗೆ ಜಾಹೀರಾತು ಕೊಟ್ಟ.

ಸಂಜೆ ಆಕೆ ಬಂದಳು. ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದ, ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದಾದ ಹೆಂಗಸು. 'ಬೆಳಿಗ್ಗೆ ಫೋನ್ ಮಾಡಿದ್ದೆ' ಎಂದ ತಕ್ಷಣ ಒಳಗಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದುಬಿಟ್ಟಳು.

'ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ.'

'ಎಲ್ರೂ ಹಾಗೇ ಅಂತಾರೆ' ಎಂದು ಆಕೆ ಸಂಕೋಚದಿಂದ ನಕ್ಕಳು. 'ರೈಲ್ವೆ ಸ್ಟೇಷನ್ನಲ್ಲಿ ಹೇಳ್ತಿದ್ದೆ. ಇಂಥ ಗಾಡಿ ಇಂಥ ಪ್ಲಾಟ್‌ಫಾರ್ಮಿಗೆ ಬರ್ತಿದೆ ಅಂತ.'

'ಅದೇ ಮತ್ತೆ. ನಮ್ಮಕ್ಕನ ಮನೆಗೆ ಹೋಗೋವಾಗೆಲ್ಲ ನೀವೇ ತಡ ಆಗುತ್ತೆ ಅಂತಿದ್ರಿ. ನಿಮಗೆ ಎಷ್ಟು ಬೈದಿದೀನೋ.'

'ಬೈಸಿಕೊಳ್ಳೋ ನೌಕರೀನೇ ಅದು. ಈಗ ನಾನು ಬಿಟ್ಟಾಯ್ತು. ಆದ್ರೂ ನನ್ನ ದನೀನೇ ಹೇಳುತ್ತೆ. ಒಂದೊಂದು ಮಾತು ಬೇರೆ ಬೇರೆ ಹೇಳಿಸ್ಕೊಂಡು ಯಂತ್ರದಲ್ಲಿ ಜೋಡಿಸಿದಾರೆ. ನಾನು ಯಾವತ್ತೂ ಹೇಳದೇ ಇರೋ ಗಾಡೀನೂ ನಾನೇ ಹೇಳ್ತೀನಿ.'

ಹೆಂಡತಿ ನಕ್ಕು ಟೀ ಇಡಲು ಹೋದಳು. ಅವನಿಗೆ ಬೆಳಗಿನಿಂದ ಸಿಕ್ಕಿಕೊಂಡಿದ್ದ ನಾರು ಹೊರಬಂದಂತಾಯಿತು. ಆದರೆ ಅಳುಕು ಹೋಗಲಿಲ್ಲ. ಆಕೆಯನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಹೊದಿಕೆ ತೆಗೆದ. ಕಿಟಕಿಯ ಬಿಸಿಲು ಕಡುಗೆಂಪಿನ ಮೇಲೆ ಬಿದ್ದು ಗೋಡೆಯ ತನಕ ಹೊಳೆಯಿತು. ಈ ಹೊದಿಕೆ ತೆಗೆಯುವ ಗಳಿಗೆಗಾಗಿ ತಾನು ಇಷ್ಟು ದಿನ ಕಾದಿದ್ದೆ, ಯಾರಾದರೂ ಒಬ್ಬರು ಬಂದು ಉಸಿರು ಬಿಗಿಹಿಡಿದು ನಿಲ್ಲಲಿ ಎಂದು ಕಾದಿದ್ದೆ ಎಂದು ಅವನಿಗೆ ಆಗಲೇ ತಿಳಿದದ್ದು. ಆಕೆ ಹಾಗೆ ನಿಲ್ಲಲಿಲ್ಲ. ಮಾರ್ಕೆಟ್ಟಿನ ಗದ್ದಲದಲ್ಲಿ ಪರಿಚಯದವರನ್ನು ಕಂಡ ಹಾಗಾಗಿ, ಹತ್ತಿರ ಹೋಗಿ ಅವರಲ್ಲವೆಂದು ಗೊತ್ತಾದವರ ಮುಖ ಹೇಗಾಗುತ್ತದೋ ಹಾಗಾಯಿತು ಆಕೆಯ ಮುಖ.

'ಇದಕ್ಕೆ ಬೆಲ್ ಇದೆ' ಎಂದಳು.

'ಅದು ನಾನು ಹಾಕಿದ್ದು. ರೇಸಿನ ಸೈಕಲ್ಲಿಗೆ ಇರಲ್ಲ. ಬೀದೀಲಿ ಓಡಿಸೋರಿಗೆ ಇರಲಿ ಅಂತ.'

'ನಮ್ಮಪ್ಪನ ಸೈಕಲ್ಲಿಗೆ ಇರ್ಲಿಲ್ಲ.'

ಕೊಳವೆಗಳು ಕೂಡುವಲ್ಲಿನ ಬಳ್ಳಿಯ ಸುರುಳಿಯ ಮೇಲೆ ಆಕೆ ಬೆರಳಿಟ್ಟಳು. ಪೇಪರಿನ ಫೋಟೋದಲ್ಲಿ ಈ ಬಳ್ಳಿಯನ್ನು ನೋಡಿಯೇ ಬಂದದ್ದು, ಊರಲ್ಲಿ ಬೇರೆ ಯಾವ ಸೈಕಲ್ಲಿಗೂ ಇದನ್ನು ಕಂಡಿರಲಿಲ್ಲ ಎಂದಳು. ಅಪ್ಪ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು, ಮದುವೆಗೆ ಮುಂಚೆ ರೇಸಿಗೆ ಹೋಗುತ್ತಿದ್ದರಂತೆ, ಆಮೇಲೆ ಅದೇ ಸೈಕಲ್ಲಿನಲ್ಲಿ ಪಾಳಿಗೆ ಹೋಗಿ ಬರುತ್ತಿದ್ದರು. ಅವರು ಹೋದ ಮೇಲೆ ಮನೆ ಖಾಲಿ ಮಾಡುವಾಗ ಅಣ್ಣ ಕೇಳಿದ, ಇದನ್ನೇನು ಮಾಡೋಣ ಅಂತ. 'ಇಡೋಕೆ ಜಾಗ ಎಲ್ಲಿದೆ ಅಂದೆ ನಾನು. ನಾನೇ ಅಂದದ್ದು.' ಇದನ್ನು ಹೇಳುವಾಗಲೂ ದನಿ ಸ್ಟೇಷನ್ನಿನ ದನಿಯೇ, ತಡವಾಗಿ ಬರುವ ಗಾಡಿಗೆ ವಿಷಾದಿಸುವ ದನಿ. 'ಆದ್ರೆ ಅಪ್ಪಂದು ನೀಲಿ.'

'ನೀಲಿ ಇತ್ತು' ಎಂದ ಅವನು. 'ಆಮೇಲೆ ಯಾರೋ ಮೇಲೆ ಕಪ್ಪು ಬಳಿದಿದ್ರು. ಅದರ ಕೆಳಗೆ ನೀಲಿ ಇತ್ತು. ನಾನು ತೆಗೆದೆ.'

ಆಕೆ ಅವನನ್ನು ನೋಡಿದಳು. ಸಿಟ್ಟಿಲ್ಲದ, ಆದರೆ ತೂಗಿ ನೋಡುವ ನೋಟ. 'ನಾನು ನೀಲಿ ಅಂದೆ. ನೀವೂ ನೀಲಿ ಅಂತೀರಿ.'

ಆಕೆಯ ಕೈ ಅಡ್ಡ ಬಾರಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನುಣುಪಾದ, ಎಲ್ಲೂ ತಡೆಯದ ಬಾರು. ಕೈ ಅದರ ಮೇಲೆ ಜಾರಿ ಜಾರಿ ತುದಿಗೆ ಬಂದು, ಏನೂ ಸಿಗದೆ ವಾಪಸ್ ಹೋಗುತ್ತಿತ್ತು. 'ಇಲ್ಲೊಂದು ತಗ್ಗಿತ್ತು. ಟವಲ್ ಮಡಿಸಿ ಹಾಕಿ ನನ್ನ ಇಲ್ಲಿ ಕೂರಿಸ್ತಿದ್ರು. ನನ್ನ ಬೆರಳು ಆ ತಗ್ಗಲ್ಲಿ ಸರಿಯಾಗಿ ಕೂರ್ತಿತ್ತು.' ಇತ್ತು ಎಂದು ಅವನು ಹೇಳಬೇಕು. ತಗ್ಗೂ ಇತ್ತು, ಅದರ ಹಿಂದೆ ಬಣ್ಣ ಸವೆದು ಬೆಳ್ಳಗೆ ಕಾಣುವ ಜಾಗವೂ ಇತ್ತು. ಗೋಡೆಗೆ ಒರಗಿಸಿ ಒರಗಿಸಿ ಸವೆದದ್ದಿರಬೇಕು ಎಂದುಕೊಂಡು ಅವನೇ ಉಜ್ಜಿಬಿಟ್ಟಿದ್ದ. ಅಲ್ಲಿ ಒಂದು ಮಗು ಕೂತಿತ್ತು ಎಂದು ಹೊಳೆಯಲೇ ಇಲ್ಲ. ಹೇಳಬೇಕು, ಆದರೆ ಅವನು ಮಾರುವವನು. ಮಾರುವವನ ಬಾಯಿಂದ ಬಂದ ಕ್ಷಣವೇ ನಿಜ ವ್ಯಾಪಾರದ ಮಾತಾಗಿಬಿಡುತ್ತದೆ. ಸಾಕ್ಷಿಗೆ ಇದ್ದದ್ದೆಲ್ಲವನ್ನೂ ಅವನೇ ಕೈಯಾರೆ, ಎಷ್ಟು ಪ್ರೀತಿಯಿಂದ, ಪುಡಿಮಾಡಿ ನೀರಿಗೆ ಬಿಟ್ಟಿದ್ದ.

ಹಿಂದೊಮ್ಮೆ ಒಬ್ಬ ಮುದುಕರ ಸೆಟ್ಟು ಹೀಗೆಯೇ ಮತ್ತೆ ಮತ್ತೆ ವಾಪಸ್ ಬಂದು ಅವನ ಮೇಜಿನ ಮೇಲೆ ಕೂರುತ್ತಿತ್ತು. ಅಳತೆ ಸರಿ, ಕಚ್ಚು ಸರಿ, ಎಲ್ಲೂ ಒತ್ತುವುದಿಲ್ಲ, ಆದರೂ ಒಲ್ಲೆ. ಕೊನೆಗೆ ವೈದ್ಯರು ಬೇಸತ್ತು ಮುದುಕರ ಹೆಂಡತಿಯನ್ನೇ ಅವನ ಹತ್ತಿರ ಕಳಿಸಿದರು. ಆ ಮುದುಕಿ, 'ಹಲ್ಲು ಚೆನ್ನಾಗೇ ಇದೆ ಕಣಪ್ಪ. ಆದ್ರೆ ಇವರು ನಕ್ರೆ ಮನೆಗೆ ಯಾರೋ ನೆಂಟರು ಬಂದು ನಕ್ಕ ಹಾಗಾಗುತ್ತೆ' ಎಂದು, ಕುಪ್ಪಸದೊಳಗಿನ ಸಣ್ಣ ಚೀಲದಿಂದ ಒಂದು ಫೋಟೋ ತೆಗೆದು ತೋರಿಸಿದಳು. ಹರೆಯದ ಗಂಡ ನಗುತ್ತಿದ್ದ. ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಹೆಗಲು ಹಾಕಿ ನಿಂತಿತ್ತು. ಅವನು ಮೇಣ ಕರಗಿಸಿ ಆ ಒಂದು ಹಲ್ಲನ್ನು ಎಳ್ಳಷ್ಟು ತಿರುಗಿಸಿದ. ಸೆಟ್ಟು ಮತ್ತೆ ವಾಪಸ್ ಬರಲಿಲ್ಲ. ಅಂದಿನಿಂದ ಅಚ್ಚಿನ ಜೊತೆ ಹಳೆಯ ಫೋಟೋ ಇದ್ದರೆ ಕಳಿಸಿ ಎಂದು ವೈದ್ಯರನ್ನು ಕೇಳುವುದು, ಅವರು ನೀನೇನು ಮದುವೆ ದಲ್ಲಾಳಿಯಾ ಎಂದು ಗೇಲಿ ಮಾಡುವುದು, ಎಲ್ಲ ರೂಢಿಯಾಗಿತ್ತು. ಕಂಡವರ ಬಾಯಿಗಳಿಗೆ ಅಷ್ಟು ಮಾಡಿದವನು ಇದಕ್ಕೆ ಮಾತ್ರ ನೀನು ಯಾರಲ್ಲಿದ್ದೆ ಎಂದು ಕೇಳಲಿಲ್ಲ. ನೀನು ಹುಟ್ಟಿದಾಗ ಹೇಗಿದ್ದೆ ಎಂದಷ್ಟೇ ಕೇಳಿದ.

'ತಗ್ಗಿತ್ತು' ಎಂದ. 'ಅಲ್ಲೇ ಬಣ್ಣ ಸವೆದಿತ್ತು ಕೂಡ. ನೀವು ನಂಬ್ತೀರೋ ಬಿಡ್ತೀರೋ.'

'ಮಗು ಕೂತ ಸೈಕಲ್ಲಲ್ಲೆಲ್ಲ ಅದು ಇರುತ್ತೆ ಸರ್.' ಆಕೆ ಕೈ ತೆಗೆದಳು. 'ಫೋಟೋ ಇಲ್ಲ ನಮ್ಮತ್ರ. ಸೈಕಲ್ಲಿನ ಫೋಟೋ ಯಾರು ತೆಗೀತಾರೆ. ತಪ್ಪು ತಿಳ್ಕೋಬೇಡಿ. ಬಹಳ ಚೆನ್ನಾಗಿ ಮಾಡಿದೀರಿ. ಇಷ್ಟು ಚೆನ್ನಾಗಿದ್ರೆ ನನಗೆ ಗುರುತು ಹತ್ತಲ್ಲ, ಅಷ್ಟೇ.'

ಹೊರಗಿನ ಕೋಣೆಯ ಬಾಗಿಲಲ್ಲಿ ಆಕೆ ಚಪ್ಪಲಿ ಮೆಟ್ಟುತ್ತಿದ್ದಳು. ಅವನು ಹೊದಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ಹಿಂದೆ ನಿಂತಿದ್ದ. ಹೆಂಡತಿ ಟೀ ಲೋಟಗಳ ತಟ್ಟೆ ಹಿಡಿದು ಬಂದು, ಆಕೆಯ ಮುಖ ನೋಡಿ, ಗಂಡನ ಮುಖ ನೋಡಿ, ತನಗೆ ತೋಚಿದ್ದೇ ಕಾರಣವೆಂದು ತಿಳಿದಳು. 'ಯಾಕೆ, ಅದರ ಕುಂಟು ಹೇಳಿದ್ರಾ? ಅದಕ್ಕೇ ಬೇಡ ಅಂದ್ರಾ?'

ಅವನು ಸುಮ್ಮನೆ ಇರು ಎಂಬಂತೆ ನೋಡಿದ. ಅವಳು ಸುಮ್ಮನಿರುವ ಪೈಕಿಯಲ್ಲ.

'ಹೇಳಿಲ್ವಾ ಇನ್ನೂ? ನೋಡಿ, ಇವ್ರು ಊರಿಗೆಲ್ಲ ಹಲ್ಲು ಕಟ್ಟಿಕೊಟ್ರು, ಆ ಚಕ್ರದೊಳಗಿನ ಒಂದು ಹಲ್ಲು ಕಟ್ಟೋಕಾಗ್ಲಿಲ್ಲ. ಸದ್ದು ಕುಂಟುತ್ತೆ. ಬಂದೋರಿಗೆ ಗೊತ್ತಾಗಬಾರ್ದು ಅಂತ ಗ್ರೀಸ್ ತುರುಕಿ ಬಾಯಿ ಮುಚ್ಚಿಸಿದಾರೆ.'

ಅವನ ಕಿವಿಯ ತುದಿ ಸುಟ್ಟಿತು. ಇಷ್ಟು ಹೊತ್ತು ನಿಜ ಹೇಳುತ್ತಿದ್ದಾಗ ನಂಬಿಸಲಾಗಲಿಲ್ಲ. ಈಗ ಸುಳ್ಳು ಮಾತ್ರ ಸಲೀಸಾಗಿ ಸಾಬೀತಾಯಿತು. ನೀಲಿಯೂ ಹೋಯಿತು, ತಗ್ಗೂ ಹೋಯಿತು, ಇನ್ನು ಆಕೆಯ ಪಾಲಿಗೆ ತಾನು ಗ್ರೀಸ್ ತುರುಕಿದವನು ಅಷ್ಟೇ. ಮುಖವೆತ್ತಿ ನೋಡಿದರೆ ಆಕೆ ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದು ಪಾದವನ್ನು ನೆಲದ ಮೇಲೆ ಬರಿದೇ ಊರಿ ನಿಂತಿದ್ದಳು.

'ಕುಂಟುತ್ತೆ ಅಂದ್ರೆ ಹೇಗೆ?'

ಅವನಿಗೆ ಅದನ್ನು ಬಾಯಲ್ಲಿ ಹೇಳಿ ತೋರಿಸಬೇಕೆನ್ನಿಸಲಿಲ್ಲ. ಸೈಕಲ್ಲನ್ನು ಹೊರಗಿನ ಕೋಣೆಗೆ ತಂದು ತಲೆಕೆಳಗಾಗಿ ನಿಲ್ಲಿಸಿದ. ಹಳೆಯ ಬಟ್ಟೆ ಹಾಸಿ, ಫ್ರೀವೀಲಿನ ಸಣ್ಣ ಸಂದಿಗೆ ಸೀಮೆಎಣ್ಣೆ ಹನಿಸಿ, ತಿರುಗಿಸಿ, ಮತ್ತೆ ಹನಿಸಿದ. ಟೀ ಆರುತ್ತಿತ್ತು. ಹಳದಿ ಗ್ರೀಸು ಕರಗಿ, ಮೊದಲು ಎಳೆಎಳೆಯಾಗಿ, ಆಮೇಲೆ ತೆಳ್ಳಗೆ, ಕೊಳೆ ನೀರಿನಂತೆ ಬಟ್ಟೆಯ ಮೇಲೆ ಇಳಿಯಿತು. ಅವನ ಬೆರಳುಗಳಿಗೆ ಸಮಾಧಾನ ಬಂದಿತ್ತು. ಮುಚ್ಚುವ ಕೆಲಸಕ್ಕಿಂತ ಬಿಚ್ಚುವ ಕೆಲಸ ಯಾವತ್ತೂ ಹಗುರ. ಗೊಣಗು ಹೋಯಿತು. ಒಂದೊಂದೇ ಟಿಕ್ ಬಿಡಿಸಿಕೊಂಡಿತು. ಕೊನೆಗೆ ಪೆಡಲನ್ನು ಜೋರಾಗಿ ತಿರುಗಿಸಿ ಕೈಬಿಟ್ಟ. ಚಕ್ರ ತನ್ನಷ್ಟಕ್ಕೆ ತಿರುಗತೊಡಗಿತು: ಟಿಕ್ ಟಿಕ್ ಟಿಕ್ ಟಿಕ್, ಒಂದು ಗುಟುಕು ಮೌನ, ಟಿಕ್.

ಆಕೆ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

'ಇನ್ನೊಂದ್ಸಲ' ಎಂದಳು, ಚಕ್ರ ನಿಂತ ಮೇಲೆ. ಅವನು ತಿರುಗಿಸಿದ. 'ಇನ್ನೊಂದ್ಸಲ.' ಮೂರನೆಯ ಸಲ ಆಕೆ ಸೈಕಲ್ಲಿನ ಕಡೆ ನೋಡಲೇ ಇಲ್ಲ, ಗೇಟಿನ ಕಡೆ ಮುಖ ಮಾಡಿ ಕೂತಿದ್ದಳು. ಹೆಂಡತಿ ತಟ್ಟೆಯನ್ನು ಹಲ್ಲುಗಳ ಮೇಜಿನ ಮೇಲಿಟ್ಟು ಆಕೆಯ ಪಕ್ಕದಲ್ಲಿ ಬಂದು ಕೂತಳು.

'ಬೆಲ್ ಇರ್ಲಿಲ್ಲ ಅಂದೆನಲ್ಲ. ನಮಗೆ ಇದೇ ಬೆಲ್ಲು' ಎಂದಳು ಆಕೆ. ಈಗಿನ ದನಿ ಸ್ಟೇಷನ್ನಿನದಲ್ಲ, ಅದಕ್ಕೆ ಪಕ್ಕದಲ್ಲಿ ಕೂತವರಷ್ಟೇ ಬೇಕಿತ್ತು. 'ನಮ್ಮ ಬೀದೀನೂ ಹೀಗೇ ಇಳಿಜಾರು. ಮೂಲೇಲಿ ಅಪ್ಪ ತುಳಿಯೋದು ನಿಲ್ಲಿಸ್ತಿದ್ರು. ಸದ್ದು ಕೇಳಿದ್ರೆ ನಾನು ಓಡಿಹೋಗಿ ಗೇಟು ತೆಗೀಬೇಕು, ಅವರು ಇಳೀದೇ ಒಳಗೆ ಬರ್ತಿದ್ರು. ಕೂಗೋದು, ತಟ್ಟೋದು, ಏನೂ ಇಲ್ಲ. ಮಾತು ಕಮ್ಮಿ ಅವ್ರದ್ದು. ನಾನು ದೊಡ್ಡೋಳಾಗಿ, ನೌಕರಿಗೆ ಸೇರಿದ ಮೇಲೂ ಅಷ್ಟೇ. ಒಂದು ದಿನ ಏನೋ ಸಿಟ್ಟು. ಯಾಕೆ ಅಂತ ಈಗ ನೆನಪೂ ಇಲ್ಲ. ಸದ್ದು ಕೇಳ್ತು. ನಾನು ಏಳ್ಲಿಲ್ಲ.' ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. 'ಗೇಟಿನ ಹತ್ರ ಬಂದು ನಿಂತ್ರು. ತಟ್ಟಬಹುದಿತ್ತು. ಒಂದು ಸಲ ನನ್ನ ಹೆಸರು ಕರೀಬಹುದಿತ್ತು. ಇವಳಿಗೆ ಕೇಳಿಸಿಲ್ಲವೇನೋ ಅಂದ್ಕೊಂಡು ಸೈಕಲ್ ತಿರುಗಿಸಿಕೊಂಡು ಮೂಲೆ ತನಕ ವಾಪಸ್ ಹೋದ್ರು. ಮತ್ತೆ ಬಂದ್ರು. ಅದೇ ಸದ್ದು. ನಾನು ಏಳ್ಲಿಲ್ಲ. ಮತ್ತೆ ಹೋದ್ರು, ಮತ್ತೆ ಬಂದ್ರು. ಕೊನೆಗೆ ಅಮ್ಮ ಎದ್ದು ತೆಗೆದ್ಲು. ಒಳಗೆ ಬಂದು ಊಟ ಆಯ್ತಾ ಅಂತ ಕೇಳಿದ್ರು ನನ್ನ. ಅಷ್ಟೇ.'

ಹೆಂಡತಿ ಮೇಜಿನ ಮೇಲಿಂದ ಒಂದು ಲೋಟ ತಂದು ಆಕೆಯ ಮುಂದಿಟ್ಟಳು. ಆಕೆ ಆರಿದ ಟೀಯನ್ನು ಎತ್ತಿ ಒಂದೇ ಗುಕ್ಕಿಗೆ ಕುಡಿದು ಲೋಟ ಕೆಳಗಿಟ್ಟಳು.

'ಈ ಸೈಕಲ್ ನಾನು ತಗೋತೀನಿ ಸರ್. ಆ ಹಲ್ಲು ಮಾತ್ರ ಸರಿ ಮಾಡಬೇಡಿ.'

'ಮಾಡೋಕೆ ನನಗೆ ಬಂದ್ರೆ ತಾನೇ' ಎಂದ ಅವನು. ಆಕೆ ನಕ್ಕಳು. ನಗು ಮುಗಿದ ಮೇಲೂ ಹೋಗಲಿಲ್ಲ. ಏನೋ ಕೇಳಬೇಕೆಂದು, ಕೇಳಬಾರದೆಂದು, ಗೇಟನ್ನೂ ಅವನನ್ನೂ ನೋಡುತ್ತಿದ್ದಳು. ಅವನಿಗೆ ಅರ್ಥವಾಯಿತು. ಎದುರು ಮನೆಯವರು ಹೊರಗೆ ಕೂತಿರುವ ಹೊತ್ತು. ಹೊಟ್ಟೆ, ಬಗ್ಗಿದ ಬೆನ್ನು, ಕಡಿದ ಮರ.

'ಓಡಿಸೋಕೆ ನನಗೆ ಅಷ್ಟು ಸರಿಯಾಗಿ ಬರಲ್ಲ' ಎಂದ, ಆಕೆ ಇನ್ನೂ ಕೇಳುವ ಮೊದಲೇ. 'ನೋಡಿದೋರು ನಗ್ತಾರೆ.'

'ನಾನು ನೋಡಲ್ಲ. ಗೇಟು ಮುಚ್ಚಿಕೊಂಡು ಒಳಗೆ ನಿಂತಿರ್ತೀನಿ. ಕೇಳ್ತೀನಿ, ಅಷ್ಟೇ.'

ಅವನು ಸೈಕಲ್ಲನ್ನು ನೆಟ್ಟಗೆ ಮಾಡಿ, ಬೆಲ್ಲಿನ ತಿರುಪು ಬಿಚ್ಚಿ ಜೇಬಿಗೆ ಹಾಕಿಕೊಂಡ. ಗೇಟಿನ ತನಕ ತಳ್ಳಿಕೊಂಡು ಹೋದಾಗ ಹೆಂಡತಿ ಹಿಂದೆಯೇ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾವತ್ತೂ ನೋಯುವ ಮೊಣಕಾಲನ್ನು ಊರಿ ಕೂತಳು. ಒಂದು ಪೆಡಲಿನ ಪಟ್ಟಿ ಬಿಚ್ಚಿದಳು, ತಿರುಗಿಸಿ ಇನ್ನೊಂದರದ್ದೂ ಬಿಚ್ಚಿದಳು. ಅವನು ಬಿದ್ದ ಆ ಬೆಳಗಿನ ಬಗ್ಗೆ ಅವಳು ಇಷ್ಟು ದಿನಗಳಲ್ಲಿ ಆಡಿದ ಮೊದಲ ಮಾತು ಅದೇ. ಪಟ್ಟಿಯ ಬಕಲು ಎಲ್ಲಿ ಹಿಡಿದುಕೊಳ್ಳುತ್ತದೆಂದು ಅವಳ ಬೆರಳಿಗೆ ಹುಡುಕದೇ ಗೊತ್ತಿತ್ತು. 'ಹೋಗಿ ಬನ್ನಿ' ಎಂದು ಎರಡೂ ಪಟ್ಟಿಗಳನ್ನು ಕೈಗೆ ಸುತ್ತಿಕೊಂಡು, ಅವನ ಭುಜ ಹಿಡಿದು ಎದ್ದಳು.

ಮೂಲೆಯ ಲಾಂಡ್ರಿ ಅಂಗಡಿಯವರೆಗೆ ತಳ್ಳಿಕೊಂಡೇ ಹೋದ. ತಿರುಗಿ ನೋಡಿದ. ಬೀದಿ ಸಣ್ಣಗೆ ಇಳಿಯುತ್ತ ಹೋಗಿ ಕೊನೆಯಲ್ಲಿ ಅವನ ಗೇಟು, ಮುಚ್ಚಿದ್ದು. ಅದರ ಹಿಂದೆ ಒಬ್ಬಳು ನಿಂತಿದ್ದಾಳೆ. ಅಲ್ಲಿಯವರೆಗೆ ಹೋಗಿ ತಟ್ಟಬಾರದು, ಕೂಗಬಾರದು. ಹತ್ತಿದ. ಎದುರು ಮನೆಯವರು ಕುರ್ಚಿಯಿಂದ ಅರ್ಧ ಎದ್ದು, ಸಾರ್ ಹುಷಾರು ಎಂದದ್ದು ಕೇಳಿಸಿತು, ಯಾರಿಗೋ ಹೇಳಿದಂತಿತ್ತು. ಎರಡು ಸಲ ತುಳಿದ, ಮೂರು ಸಲ ತುಳಿದ, ಇಳಿಜಾರು ಅವನನ್ನು ತೆಗೆದುಕೊಂಡ ಮೇಲೆ ಪಾದ ನಿಲ್ಲಿಸಿದ. ಸದ್ದು ಕಾಲ ಕೆಳಗಿನಿಂದ ಎದ್ದು ಬೀದಿಯ ಎರಡೂ ಗೋಡೆಗಳಿಗೆ ತಾಗಿ ಅವನಿಗಿಂತ ಮುಂದೆ ಮುಂದೆ ಹೋಗತೊಡಗಿತು. ಅಡ್ಡ ಬಾರಿನ ಮೇಲೆ ಇಲ್ಲದ ತಗ್ಗಿನ ಜಾಗವನ್ನು ಅವನು ನೋಡಿದ. ಗೇಟು ತೆರೆಯದಿದ್ದರೆ, ಎಂದುಕೊಂಡ. ತೆರೆಯದಿದ್ದರೆ ತಿರುಗಿಸಿಕೊಂಡು ಮೂಲೆಗೆ ಹೋಗಿ ಮತ್ತೆ ಬರುತ್ತೇನೆ, ಕತ್ತಲಾಗುವ ತನಕ ಬರುತ್ತೇನೆ. ಹಾಗೆಂದುಕೊಳ್ಳುತ್ತಿದ್ದಾಗ, ಅವನು ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ, ಚಿಲಕ ಸರಿದ ಸದ್ದಾಯಿತು. ಓಡಿಬಂದವರು ತೆಗೆಯುವ ಹಾಗೆ, ಒಂದೇ ಎಳೆತಕ್ಕೆ.

ಗೇಟು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದುಕೊಂಡಿತ್ತು. ಅವನು ಬ್ರೇಕ್ ಹಿಡಿಯಲಿಲ್ಲ.